ಮುನಿಸಿಕೊಂಡ ಕಿಡ್ನಿಗೆ ಊರೆಲ್ಲ ಎಳನೀರು

ನೆಮ್ಮದಿಯಾಗಿ ಕೂತು ಹೆದರಿಕೊಳ್ಳೋಣ ಅಂದರೆ ನಮ್ಮ ಕಡೆಯ ಜನ ಬಿಡುವುದಿಲ್ಲ. ಬಂದು ಏನಾದರೊಂದು ಅಂದು ನಗಿಸಿ ಹೋಗುತ್ತಾರೆ. ಅವರು ಹೋದ ಮೇಲೆ ಹೆದರಿಕೆಯನ್ನು ಮತ್ತೆ ಮೊದಲಿಂದ ಶುರು ಮಾಡಬೇಕು.

ನಾನು ಶೆಟ್ಟಿಕೆರೆಯಲ್ಲಿ ದಿನಸಿ ಅಂಗಡಿ ಇಟ್ಟವನು. ಊರಾಚೆ ಸಣ್ಣದೊಂದು ತೆಂಗಿನ ತೋಟವೂ ಇದೆ. ಹುಟ್ಟಾ ಪುಕ್ಕಲ. ಒಂದು ಸೀನು ಬಂದರೆ ನ್ಯುಮೋನಿಯ ಅಂತ ಮಲಗುವ ಜಾತಿ. ಅಂಥವನಿಗೆ ಹೋದ ಮಳೆಗಾಲದಲ್ಲಿ ನಿಜವಾಗಿಯೂ ದೊಡ್ಡ ಕಾಯಿಲೆಯೇ ಬಂತು. ತೋಟದಲ್ಲಿ ನಿಂತ ನೀರಿನಲ್ಲಿ ಬರಿಗಾಲಲ್ಲಿ ಓಡಾಡಿ ಇಲಿಜ್ವರ ಹತ್ತಿಸಿಕೊಂಡೆ. ಜ್ವರವೇನೋ ಇಳಿಯಿತು, ಆದರೆ ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿದವು. ಉಚ್ಚೆ ಬಂದ್ ಆಯಿತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬಿಜಾಪುರದ ಕಡೆಯವರು. ನಿಧಾನವಾಗಿ ಹೇಳಿದರು: "ಕಿಡ್ನಿ ಸತ್ತಿಲ್ರಿ, ಸಿಟ್ಟು ಮಾಡ್ಕೊಂಡು ಕುಂತಾವ. ಮತ್ತ ಕೆಲಸ ಚಾಲೂ ಮಾಡಬಹುದು, ಮಾಡದನೂ ಇರಬಹುದು. ಅಲ್ಲೀತನಕ ವಾರಕ್ಕ ಮೂರು ಸಲ ಡಯಾಲಿಸಿಸ್. ಮೂತ್ರ ಚಲೋತ್ನ್ಯಾಗಿ ಬಂತಂದ್ರ ನೀವು ಗೆದ್ರಿ."

ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು 'ಮಾಡದನೂ ಇರಬಹುದು' ಅನ್ನುವುದೊಂದೇ.

ಪುಕ್ಕಟೆ

ಡಯಾಲಿಸಿಸ್ ಮಶೀನಿಗಿಂತ ಹೆಚ್ಚಾಗಿ ನನ್ನನ್ನು ನಡುಗಿಸಿದ್ದು ಅದಕ್ಕೆ ದುಡ್ಡಿಲ್ಲ ಅನ್ನುವ ಸಂಗತಿ. ನಾನು ಅಂಗಡಿಯವನು. ಪುಕ್ಕಟೆ ಕೊಡುವ ಮಾಲು ಎಂಥದ್ದು ಅಂತ ನನಗೆ ಗೊತ್ತಿಲ್ಲವೇ? ನನ್ನ ಅಂಗಡಿಯಲ್ಲಿ ಸುಮ್ಮನೆ ಸಿಗುವುದು ಕೊಳೆತ ಈರುಳ್ಳಿ ಮಾತ್ರ. ಹೊಳೆಯುವ ನೆಲ, ಒಗೆದ ಹಾಸಿಗೆ, ತಲೆಯ ಹತ್ತಿರ ದೊಡ್ಡ ಮಶೀನು, ಬಂದು ಬಂದು ಬಿಪಿ ನೋಡುವ ಸಿಸ್ಟರ್, ಇದೆಲ್ಲ ಬಿಟ್ಟಿ ಅಂದರೆ ಎಲ್ಲೋ ಏನೋ ಇದೆ ಅನ್ನಿಸಿತು. ಬದುಕುವ ಹಾಗಿದ್ದರೆ ದುಡ್ಡು ಕೇಳುತ್ತಿದ್ದರು, ನನ್ನ ಕೇಸು ಮುಗಿದಿರಬೇಕು, ಅದಕ್ಕೇ ಸುಮ್ಮನಿದ್ದಾರೆ ಅಂತ ನನ್ನ ಲೆಕ್ಕ.

ತಡೆಯಲಾರದೆ ಡಾಕ್ಟರನ್ನೇ ಕೇಳಿದೆ. ಅವರು ನಕ್ಕು, ಇದು ಪುಕ್ಕಟೆ ಅಲ್ಲ, ನಿಮ್ಮದೇ ದುಡ್ಡು ಅಂದರು.

"ನೀವು ಅಂಗಡಿ ಇಟ್ಟೀರಿ. ಟ್ಯಾಕ್ಸ್ ಕಟ್ಟಂಗಿಲ್ಲೇನು?"

ನಾನು ಕಿಟಕಿಯ ಕಡೆ ತಿರುಗಿ, ಈ ಸಲ ಮಳೆ ಪರವಾಗಿಲ್ಲ ಅಂದೆ.

ಗೊನೆ ಬಂತು

ವಾರ್ಡಿನಿಂದ ಮನೆಗೆ ಕಳಿಸಿದರು. ಮಶೀನಿಗೆ ಸಿಕ್ಕಿಸಲು ಕುತ್ತಿಗೆಗೆ ಹಾಕಿದ್ದ ಪೈಪು ಹಾಗೇ ಇತ್ತು, ಡಯಾಲಿಸಿಸ್ ಇರುವ ದಿನ ಮಾತ್ರ ಹೋಗಿಬರಬೇಕು. ಹೊರಡುವಾಗ ಡಾಕ್ಟರು ಹೆಂಡತಿಯನ್ನು ಕರೆದು, ಬೇರೆ ಏನು ತಪ್ಪಿದರೂ ತಪ್ಪಲಿ, ಎಳನೀರು ಮಾತ್ರ ಕೊಡಬೇಡಿ ಅಂದಿದ್ದರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿಯಂತೆ. ಕಿಡ್ನಿ ಕೆಲಸ ಮಾಡದಿದ್ದಾಗ ಅದು ಮೈಯಲ್ಲೇ ಉಳಿದು ಎದೆ ನಿಲ್ಲಿಸಿಬಿಡುತ್ತದಂತೆ.

ಬೇರೆ ಸೀಮೆಯಾಗಿದ್ದರೆ ಇದೊಂದು ಮಾತು ಅಷ್ಟೆ. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಬರುವುದಿಲ್ಲ, ಮತ್ತು ಕೈಯಲ್ಲಿರುವುದು ಬೇರೇನೂ ಅಲ್ಲ. ದಿನಾ ಬೆಳಗಾದರೆ ನನ್ನನ್ನು ಪ್ರೀತಿಸುವವರೆಲ್ಲ ನನ್ನ ಎದೆ ನಿಲ್ಲಿಸುವ ಸಾಮಾನು ಹಿಡಿದು ಬಾಗಿಲಿಗೆ ಬರತೊಡಗಿದರು. ಹೆಂಡತಿ ಹೊಸಿಲ ಮೇಲೆ ಕಾವಲು ಕೂತಳು. ಪುಣ್ಯಾತ್ಗಿತ್ತಿ, ಅವಳಿಲ್ಲದಿದ್ದರೆ ನಾನು ಎಂದೋ ದಾಕ್ಷಿಣ್ಯಕ್ಕೆ ಸತ್ತಿರುತ್ತಿದ್ದೆ.

ತುರುವೇಕೆರೆಯಿಂದ ಸೋದರತ್ತೆ ಬಂದಳು. ಒಂದೆರಡಲ್ಲ, ಆಟೋದಲ್ಲಿ ಇಡೀ ಗೊನೆ. ಹೆಂಡತಿ ವಿಷಯ ಹೇಳಿದರೆ ಅವಳಿಗೆ ಮೈ ಉರಿಯಿತು.

"ಎಳ್ನೀರು ವಿಸ ಅಂದೋನು ಯಾವ ಊರ ಡಾಕ್ಟ್ರೇ?"

ಬಿಜಾಪುರದ ಕಡೆಯವರು ಅಂದಳು ಹೆಂಡತಿ.

"ಅಂಗನ್ನು ಮತ್ತೆ. ಪಾಪ, ಅವ್ರು ಮರ ಎಲ್ಲಿ ನೋಡವ್ರೆ, ಬುಡು."

ಬಂದ ಎಳನೀರನ್ನೆಲ್ಲ ಚೆಲ್ಲಲು ಮನಸ್ಸು ಬಾರದೆ ಹೆಂಡತಿ ಕೊಚ್ಚಿ ಕೊಚ್ಚಿ ಎಮ್ಮೆಗೆ ಸುರಿದಳು. ಅದು ಬಾನಿ ಖಾಲಿ ಮಾಡಿ, ನಾನು ಮಲಗಿದ್ದ ಕಿಟಕಿಯ ಎದುರಿಗೇ ನಿಂತು, ಬಾಲ ಎತ್ತಿ ಧಾರಾಳವಾಗಿ ಹುಯ್ಯುತ್ತಿತ್ತು. ನಾನು ಮೂರು ಹೊತ್ತೂ ಜಗ್ ಹಿಡಿದು ಕಾದರೂ ತಳ ಒದ್ದೆಯಾಗದ ಕಾಲ ಅದು. ಬದುಕಿನಲ್ಲಿ ಯಾರ ಕಾರು, ಯಾರ ಮಹಡಿ ಮನೆ ನೋಡಿಯೂ ಕರುಬಿದವನಲ್ಲ ನಾನು. ಆ ಎಮ್ಮೆಯನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಟಿಕೆಟ್

ಆಸ್ಪತ್ರೆಗೆ ನಮ್ಮ ಸವಾರಿ ತಿಪಟೂರಿನ ಬಸ್ಸಿನಲ್ಲಿ. ಮೊದಲ ದಿನ ಕಂಡಕ್ಟರು ಹೆಂಡತಿಗೆ ಸೊನ್ನೆ ಟಿಕೆಟ್ ಹರಿದುಕೊಟ್ಟು ನನ್ನ ಮುಂದೆ ಕೈ ಚಾಚಿದ. ಹೆಂಡತಿಗೆ ಅದು ನ್ಯಾಯ ಅನ್ನಿಸಲಿಲ್ಲ.

"ಗುಂಡುಕಲ್ಲಿನಂಗಿರೋಳು ನಾನು ಫ್ರೀ, ಕುತ್ತಿಗೇಲಿ ಪೈಪ್ ಹಾಕ್ಕೊಂಡಿರೋರಿಗೆ ಟಿಕೆಟ್ಟಾ?"

"ಕಾಯ್ಲೆ ಗಂಡಸ್ರಿಗೂ ಫ್ರೀ ಅಂದ್ರೆ, ಅಕ್ಕ, ನಾಳೆಯಿಂದ ಈ ಬಸ್ಸಲ್ಲಿ ಒಬ್ಬ ಗಂಡ್ಸೂ ಆರೋಗ್ಯವಾಗಿರಾಕಿಲ್ಲ."

ಆಮೇಲೆ ಮರುಕದಿಂದ ಏನು ಕಾಯಿಲೆ ಅಂತ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, ಉಚ್ಚೆ ನಿಂತೋಗೈತೆ ಕಣಪ್ಪ ಅಂತ ಹಿಂದಿನ ಸೀಟಿಗೂ ಕೇಳುವಂತೆ ಹೇಳಿದಳು. ತಕೋ, ಬಸ್ಸಿಗೆ ಬಸ್ಸೇ ವೈದ್ಯರಾಯಿತು. ಒಬ್ಬರು ಬಾರ್ಲಿ ಅಂದರು, ಒಬ್ಬರು ಬಾಳೆದಿಂಡು, ಇನ್ನೊಬ್ಬರು ನೆಗ್ಗಿಲ ಮುಳ್ಳಿನ ಕಷಾಯ. ಕಂಡಕ್ಟರು ಎಲ್ಲರನ್ನೂ ಸುಮ್ಮನಿರಿಸಿ, "ಅಣ್ಣ, ನಿಮಗೆ ಯಾವಾಗ ಬಂದ್ರೂ ಒಂದು ಮಾತು ಹೇಳಿ. ಎಲ್ಲಿದ್ರೂ ಸರಿ, ಬಸ್ ನಿಲ್ಲುಸ್ತೀನಿ," ಅಂತ ಮಾತು ಕೊಟ್ಟ.

ಅಂದಿನಿಂದ ಬಸ್ ಹತ್ತಿದಾಗೆಲ್ಲ ಅವನು ದೂರದಿಂದಲೇ ಹುಬ್ಬು ಹಾರಿಸಿ 'ಬಂತಾ' ಅಂತ ಕೇಳುವುದು, ನಾನು ತಲೆಯಾಡಿಸುವುದು, ಇಡೀ ಬಸ್ಸು ಲೊಚಗುಟ್ಟುವುದು. ಕೊಬ್ಬರಿ ರೇಟು ಬಿದ್ದ ದಿನವೂ ನಮ್ಮ ಜನ ಅಷ್ಟು ಕೊರಗಿದ್ದು ನಾನು ಕಾಣೆ.

ಆಗಸ್ಟ್ ಹದಿನೈದು

ಡಯಾಲಿಸಿಸ್ ಕೋಣೆಯಲ್ಲಿ ನನ್ನ ಪಕ್ಕದ ಹಾಸಿಗೆ ತಿಪಟೂರಿನ ಒಬ್ಬ ಮೆಕ್ಯಾನಿಕ್ ಸಾಹೇಬರದು. ಟ್ರಾಕ್ಟರ್ ರಿಪೇರಿಯಲ್ಲಿ ಕೈ ಕಪ್ಪಾದ ಹಿರಿಯರು. ಅವರ ಕಿಡ್ನಿ ಮತ್ತೆ ಏಳುವ ಹಾಗಿರಲಿಲ್ಲ, ಅವರಿಗೆ ಅದು ಗೊತ್ತಿತ್ತು. ನನಗೆ ಮಾತ್ರ ದಿನಾ ಧೈರ್ಯ ಹೇಳುತ್ತಿದ್ದರು. "ನಿಮ್ದು ಇಂಜನ್ ಸೀಜ್ ಆಗಿಲ್ಲ ಭಾಯ್, ಡೀಸೆಲ್ ಲೈನ್‌ಗೆ ಏರ್ ಹಿಡ್ದೈತೆ. ಪಂಪ್ ಹೊಡೀತಾ ಇರ್ಬೇಕು. ಸ್ಟಾರ್ಟ್ ಆದ್ರೆ ಫಸ್ಟ್ ನಂಗೇ ಹೇಳ್ಬೇಕು."

ಸ್ವಾತಂತ್ರ್ಯ ದಿನ ಊರಿಗೆಲ್ಲ ರಜೆ, ಮಶೀನಿಗಿಲ್ಲ. ನಾವಿಬ್ಬರೂ ಪೈಪು ಸಿಕ್ಕಿಸಿಕೊಂಡು ಮಲಗಿದ್ದಾಗ ಅಂಗಳದಲ್ಲಿ ಬಾವುಟ ಏರಿತು, ಜನಗಣಮನ ಶುರುವಾಯಿತು. ಸಾಹೇಬರು ಎದ್ದು ನಿಲ್ಲಲು ಹೋದರು. ಅವರ ಪೈಪು ಎಳೆದು ಮಶೀನು ಬಡಕೊಳ್ಳತೊಡಗಿತು. ನಾನು ಬಡಕೊಳ್ಳುತ್ತಿರುವುದು ನನ್ನದೇ ಅಂದುಕೊಂಡು ಕಣ್ಣು ಮುಚ್ಚಿ, ಅಂಗಡಿ ಬೀಗದಕೈ ಅಕ್ಕಿ ಡಬ್ಬದ ಹಿಂದಿದೆ ಅಂತ ಹೆಂಡತಿಗೆ ಕೂಗಿ ಹೇಳಿದೆ.

ಸಿಸ್ಟರ್ ಓಡಿ ಬಂದು ಸಾಹೇಬರನ್ನು ಮಲಗಿಸಿದರು. ಅವರು ಒಪ್ಪಲಿಲ್ಲ.

"ಹಾಸಿಗೆ ಸರ್ಕಾರದ್ದು, ಮಶೀನ್ ಸರ್ಕಾರದ್ದು. ನನ್ನನ್ನ ಇಷ್ಟು ವರ್ಷ ಉಳ್ಸಿರೋ ದೇಶಕ್ಕೆ ಎದ್ದು ನಿಂತ್ಕೊಳ್ದೆ ಹೆಂಗಮ್ಮ?"

"ನಿಮ್ಮ ರಕ್ತ ಈಗ ಮಶೀನಲ್ಲೈತೆ ಸಾಹೇಬ್ರೆ. ಮಶೀನು ನೆಟ್ಟಗೆ ಎದ್ದು ನಿಂತೇ ಐತಲ್ಲ. ನೀವು ಮಲ್ಕೊಳ್ಳಿ."

ನಿಲ್ಲಿಸಿದ ಬಸ್ಸು

ಮಳೆ ಕಡಿಮೆಯಾಯಿತು. ಡಾಕ್ಟರು ಇನ್ನೂ ಕಾಯೋಣ ಅನ್ನುತ್ತಿದ್ದರು, ಆದರೆ ಅವರ ದನಿ ಸಣ್ಣದಾಗಿತ್ತು. ಹೆಂಡತಿ ನನ್ನ ಮುಂದೆ ಅಳುವುದನ್ನು ಬಿಟ್ಟು ಹಿತ್ತಿಲಿಗೆ ಹೋಗಿ ಅಳುತ್ತಿದ್ದಳು. ಇಷ್ಟೇ ಇನ್ನು, ಬದುಕಿದಷ್ಟು ದಿನ ಪೈಪೇ ಗತಿ ಅಂತ ನಾನೂ ಒಳಗೊಳಗೇ ಒಪ್ಪಿಕೊಂಡಿದ್ದೆ.

ಅಂಥ ಒಂದು ಬೆಳಿಗ್ಗೆ ತುಂಬಿದ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಿಬ್ಬೊಟ್ಟೆಯಲ್ಲಿ ಏನೋ ಬಿಗಿದಂತಾಯಿತು. ಹೊಸ ರೋಗ ಅಂದುಕೊಂಡೆ. ಹೆಂಡತಿಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು, ನಾನು ಕಾಲು ಕೂಡಿಸಿಕೊಂಡಿದ್ದನ್ನು ನೋಡಿದಳು, ಎದ್ದು ನಿಂತಳು.

"ಕಂಡಕ್ಟ್ರಣ್ಣ, ಬಂತು."

ಅವನು ಯಾವ ಹಳ್ಳಿ ಅಂತ ಕೇಳಲಿಲ್ಲ. ಉಸಿರಿರುವಷ್ಟೂ ವಿಶಲ್ ಊದಿದ. ಡ್ರೈವರು ಗಕ್ಕನೆ ಬ್ರೇಕ್ ಹಾಕಿದ. ಜನ ಅವರಾಗಿಯೇ ದಾರಿ ಬಿಟ್ಟರು. ಒಬ್ಬರು ಕೈ ಹಿಡಿದು ಇಳಿಸಿದರು. ನಾನು ರಸ್ತೆ ಬದಿಯ ತೋಟದಲ್ಲಿ ಒಂದು ತೆಂಗಿನ ಮರದ ಮರೆಗೆ ನಿಂತೆ. ತೆಂಗಿನ ಮರಕ್ಕೆ ಎಷ್ಟು ಮರೆ ಇರುತ್ತದೆ ಅಂತ ನಿಮಗೇ ಗೊತ್ತು. ಕಿಟಕಿ ಕಿಟಕಿಯಲ್ಲೂ ತಲೆಗಳು. ಸಂಕೋಚಕ್ಕೆ ಎಲ್ಲಿ ಹಿಂದಕ್ಕೆ ಹೋಗಿಬಿಡುತ್ತದೋ ಅಂತ ಜೀವ ಬಾಯಿಗೆ ಬಂತು.

ಹೋಗಲಿಲ್ಲ. ಬಂತು. ನಮ್ಮ ಎಮ್ಮೆ ನಾಚಬೇಕು, ಹಾಗೆ ಬಂತು.

ಆ ದಿನ ಡಾಕ್ಟರು ರಕ್ತ ನೋಡಿ ಇವತ್ತು ಡಯಾಲಿಸಿಸ್ ಬೇಡ ಅಂದದ್ದು, ಮುಂದೆ ಕುತ್ತಿಗೆಯ ಪೈಪು ತೆಗೆದದ್ದು, ಎಲ್ಲ ಆಮೇಲಿನ ಮಾತು. ನಾನು ತಿರುಗಿ ಬಸ್ ಹತ್ತಿದಾಗ ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಎಲ್ಲರೆದುರಿಗೇ ಅತ್ತಳು. ನನಗೂ ತಡೆಯಲಾಗಲಿಲ್ಲ. ಕೊಟ್ಟ ಮಾತಿನಂತೆ ಮೊದಲು ಸಾಹೇಬರಿಗೆ ಫೋನ್ ಮಾಡಿದೆ. ಅವರು "ಇನ್ಮೇಲೆ ಗಾಡಿ ಆಫ್ ಮಾಡ್ಬೇಡಿ ಭಾಯ್," ಅಂದರು.

ಕಂಡಕ್ಟರು ಕಣ್ಣೊರೆಸಿಕೊಂಡು ರೈಟ್ ಅನ್ನಬೇಕು, ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಬ್ಬ ಗಟ್ಟಿಮುಟ್ಟಾದ ಆಳು ಎದ್ದು, ಹೆಂಗೂ ಬಸ್ ನಿಂತೈತಲ್ಲ, ನಾನೂ ಒಂದು ನಿಮಿಷ ಇಳಿದು ಬತ್ತೀನಿ ಅಂದ.

ಕಂಡಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿದ.

"ನಿಂಗೇನ್ಲಾ ಕಿಡ್ನಿ ಕೆಟ್ಟೈತಾ? ಬಸ್ ಲೇಟಾಗೈತೆ. ತಡ್ಕೊಂಡು ಕೂತ್ಕೊ, ತಿಪಟೂರು ಬತ್ತದೆ. ರೈಟ್."