ಎದುರು ಮನೆಯ ರಾಕ್ ಸ್ಟಾರ್ ಮತ್ತು ನಮ್ಮ ಸ್ಟೀಲ್ ಡಬ್ಬಿ

ಅಮೆರಿಕದ ಈ ಕ್ಯಾರಿ ಊರಿನಲ್ಲಿ ಇಷ್ಟೊಂದು ಕನ್ನಡದ ಮನೆಗಳಿದ್ದರೂ ತಲೆ ಕೆಡಿಸುವ ಸಂಗತಿಗಳೆಲ್ಲ ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬರುತ್ತವೆ. ನಾನು ಔಷಧಿ ಕಂಪನಿಯಲ್ಲಿ ಕೆಲಸ ಮಾಡುವವನು, ಯಾವುದಕ್ಕೂ ಪುರಾವೆ ಕೇಳುವ ಜಾತಿ. ಎದುರು ಮನೆಗೆ ಬಂದ ಆಸ್ಟ್ರೇಲಿಯಾದವನ ವಿಷಯದಲ್ಲಿ ಮಾತ್ರ ಪುರಾವೆ ಸಿಕ್ಕಷ್ಟೂ ಗೊಂದಲ ಹೆಚ್ಚಾಯಿತು.

ರಾಕ್ ಸ್ಟಾರ್ ಅಂತೆ

ಅವನ ಸಾಮಾನು ಇಳಿದ ದಿನವೇ ಮಗಳು ಓಡಿ ಬಂದಳು. "ಅಪ್ಪಾ, ಹಿ ಈಸ್ ಎ ರಾಕ್ ಸ್ಟಾರ್! ತುಂಬಾ ಫೇಮಸ್ ಬ್ಯಾಂಡ್ ಇತ್ತು ಅವನಿಗೆ!"

ಕಿಟಕಿಯಿಂದ ಇಣುಕಿದೆ. ಬೆಳ್ಳಗಾದ ಉದ್ದ ಕೂದಲು, ರಬ್ಬರ್ ಚಪ್ಪಲಿ, ಬಾಗಿಲಿಗೆ ಹಗ್ಗ ಕಟ್ಟಿದ ಪಿಕಪ್ ಟ್ರಕ್. ಸೋಫಾವನ್ನು ತಾನೇ ಹೊರುತ್ತಿದ್ದ.

ಮಗಳ ಸಂಭ್ರಮಕ್ಕೆ ಕಾರಣವಿತ್ತು. ಅವಳಿಗೆ ಕಾಲೇಜಿನಲ್ಲಿ ಸಂಗೀತ ಓದುವಾಸೆ, ಅದೂ ಗಿಟಾರ್. ನನ್ನ ಹೆಂಡತಿಗೆ ಅವಳನ್ನು ಫಾರ್ಮಸಿಗೆ ಸೇರಿಸುವ ಹಠ. ಆರ್ಥಿಕ ಕುಸಿತದ ಕಾಲ, ನನ್ನ ಆಫೀಸಿನಲ್ಲೇ ದಿನಕ್ಕೊಬ್ಬರ ಮೇಜು ಖಾಲಿಯಾಗುತ್ತಿತ್ತು. ನಾನು ಇಬ್ಬರಿಗೂ ಹೂಂ ಅನ್ನುತ್ತ ಕಾಲ ತಳ್ಳುತ್ತಿದ್ದೆ.

ಹೆಂಡತಿ ತೀರ್ಪು ಕೊಟ್ಟಳು. "ನೋಡೇ, ಆ ಮನುಷ್ಯ ನಿಜವಾಗ್ಲೂ ಗಿಟಾರ್‌ನಿಂದ ಬದುಕ್ತಾ ಇದ್ರೆ ನೀನು ಮ್ಯೂಸಿಕ್‌ಗೆ ಅಪ್ಲೈ ಮಾಡು. ಇಲ್ಲಾಂದ್ರೆ ಫಾರ್ಮಸಿ. ರೀ, ಅವನು ಅನುಕೂಲಸ್ಥನೋ ಅಲ್ವೋ ವಿಚಾರಿಸಿ."

ಹುಡುಗಿಗೆ ವರ ನೋಡುವಾಗ ಮಾಡುವ ವಿಚಾರಣೆಯನ್ನು ನಾನು ಅರವತ್ತು ದಾಟಿದ ರಾಕ್ ಸ್ಟಾರ್ ಮೇಲೆ ಶುರುಮಾಡಿದೆ.

ತೊಳೆದು ಬಂದ ಡಬ್ಬಿ

ಮೊದಲ ಪುರಾವೆ ಅಡುಗೆಮನೆಯಿಂದಲೇ ಸಿಕ್ಕಿತು. ದೀಪಾವಳಿಗೆ ಹೆಂಡತಿ ಸ್ಟೀಲ್ ಡಬ್ಬಿ ತುಂಬ ಚಕ್ಕುಲಿ ಹಾಕಿ ಮಗಳ ಕೈಲಿ ಅವನಿಗೆ ಕಳಿಸಿದಳು. ಮರುದಿನ ಡಬ್ಬಿ ಫಳಫಳ ಹೊಳೆಯುತ್ತ ವಾಪಸ್ ಬಂತು. ಒಳಗೆ ಏನೂ ಇಲ್ಲ.

ಹೆಂಡತಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ರೀ, ಖಾಲಿ ಡಬ್ಬಿ ಯಾರಾದ್ರೂ ವಾಪಸ್ ಕಳಿಸ್ತಾರಾ? ಒಂದು ಚಮಚ ಸಕ್ಕರೆ ಹಾಕೋಕೂ ಗತಿ ಇಲ್ವಾ ಪಾಪ!"

"ಇಲ್ಲಿಯವರಿಗೆ ಆ ಪದ್ಧತಿ ಇಲ್ಲ ಕಣೇ" ಅಂದೆ. ಕೇಳುವವರು ಯಾರು? ಅಂದಿನಿಂದ ಬಿಸಿಬೇಳೆಬಾತು, ಅವಲಕ್ಕಿ, ಕೋಸಂಬರಿ ತುಂಬಿಕೊಂಡು ಡಬ್ಬಿ ರಸ್ತೆ ದಾಟತೊಡಗಿತು. ಪ್ರತಿ ಸಲ ಖಾಲಿ ಬರುತ್ತಿತ್ತು, ಪ್ರತಿ ಸಲ ಇವಳ ಮರುಕ ಉಕ್ಕುತ್ತಿತ್ತು. ಹತ್ತು ಹೆಜ್ಜೆ ಆಚೆಗಿರುವ ಮನೆಗೆ ಡಬ್ಬಿ ಕೊಟ್ಟು ಬರಲು ಮಗಳು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದಳು.

"ಪಾಪ, ಮಾತಾಡೋಕೂ ಯಾರೂ ಇಲ್ಲ ಅವನಿಗೆ. ಕೂತು ಬರ್ಲಿ ಬಿಡಿ" ಅನ್ನುತ್ತಿದ್ದಳು ಹೆಂಡತಿ.

ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರು ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಪೆಟ್ಟಿಗೆ ಸಾಕು

ಒಂದು ಶನಿವಾರ ಅವನು ಮನೆ ಮುಂದೆ ಹಳೆ ಸಾಮಾನು ಹರಡಿ ಯಾರ್ಡ್ ಸೇಲ್ ಇಟ್ಟ. ಹಣವಂತರು ಹೀಗೆ ಮಾಡುತ್ತಾರೆಯೇ? ಬಡವನೇ ಸರಿ ಅಂದುಕೊಂಡೆ. ಲಾರೆನ್ಸ್‌ವಿಲ್‌ನಿಂದ ಬಂದಿದ್ದ ನನ್ನ ಷಡ್ಡಕನಿಗೆ ಅಲ್ಲಿದ್ದ ಗಿಟಾರಿನ ಗಟ್ಟಿ ಪೆಟ್ಟಿಗೆ ಕಣ್ಣಿಗೆ ಬಿತ್ತು.

"ಇದ್ರಲ್ಲಿ ಊರಿಂದ ಚಟ್ನಿಪುಡಿ, ಸಂಡಿಗೆ ತರಬಹುದು. ವಾದ್ಯ ಅಂದ್ರೆ ಏರ್‌ಪೋರ್ಟಲ್ಲಿ ಮರ್ಯಾದೆ ಕೊಡ್ತಾರೆ" ಅಂತ ನನ್ನ ಕಿವಿಯಲ್ಲಿ ಹೇಳಿ ಚೌಕಾಸಿಗೆ ಇಳಿದ.

ರಾಕ್ ಸ್ಟಾರ್ ನಕ್ಕು, "ಗಿಟಾರೂ ಅದರ ಜೊತೆಗೇ. ಅದರ ಕುತ್ತಿಗೆ ಬಿರುಕು ಬಿಟ್ಟಿದೆ ಅಷ್ಟೆ" ಅಂದ.

"ಗಿಟಾರ್ ಬೇಡ, ಇಡೋಕೆ ಜಾಗ ಇಲ್ಲ. ಪೆಟ್ಟಿಗೆಗೆ ಅರ್ಧ ಬೆಲೆ ಮಾಡಿ" ಅಂದ ಷಡ್ಡಕ. ವ್ಯಾಪಾರ ಮುಗಿಯಿತು.

ಆಮೇಲೆ ದೊಡ್ಡ ಕಾರಿನಲ್ಲಿ ಸೂಟು ಹಾಕಿದವನೊಬ್ಬ ಬಂದ, ವಾಷಿಂಗ್ಟನ್ ಕಡೆಯವನು. ಬಿರುಕು ಬಿಟ್ಟ ಗಿಟಾರನ್ನು ಕಂಡು ಕಣ್ಣೊರೆಸಿಕೊಂಡ. ತಾನು ಹುಡುಗನಾಗಿದ್ದಾಗ ಕೇಳಿದ ಕಛೇರಿಯಲ್ಲಿ ರಾಕ್ ಸ್ಟಾರ್ ನುಡಿಸಿದ್ದು ಇದನ್ನೇ ಅಂತೆ. ಬೆಲೆ ಕೇಳದೆ ಚೆಕ್ ಬರೆದ. ಅದನ್ನು ನೋಡಿದ ರಾಕ್ ಸ್ಟಾರ್ "ನಿಜವಾಗಿಯೂ?" ಅಂತ ಎರಡು ಸಲ ಕೇಳಿದ.

ನನ್ನ ಷಡ್ಡಕ ಪೆಟ್ಟಿಗೆ ಎತ್ತಿಕೊಂಡು ಕಾರಿನ ಹಿಂದೆ ಓಡಿದ. "ಸರ್, ಸರ್! ಅದರ ಒರಿಜಿನಲ್ ಪೆಟ್ಟಿಗೆ ನನ್ನ ಹತ್ತಿರ ಇದೆ!"

ಸೂಟಿನವನು ಕಾರಿನ ಗಾಜು ಇಳಿಸಿ ಹೇಳಿದ, "ಗಿಟಾರ್ ಸಾಕು. ಪೆಟ್ಟಿಗೆ ಇಡಲು ಜಾಗ ಇಲ್ಲ."

ನೇರವಾಗಿ ಕೇಳಿದ್ದು

ನಮ್ಮ ಕಡೆ ರೈಲಿನಲ್ಲಾದರೆ ಪಕ್ಕದವನ ಸಂಬಳ ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಗೊತ್ತಾಗಿರುತ್ತದೆ. ಇಲ್ಲಿ ಕೇಳಬಾರದು. ಆದರೂ ವರ್ಷ ಉರುಳಿ ಕಾಲೇಜಿಗೆ ಅರ್ಜಿ ಹಾಕುವ ಗಡುವು ಹತ್ತಿರವಾಗಿ ಮಗಳು ಊಟ ಬಿಟ್ಟು ಕೂತಳು. ರಾಕ್ ಸ್ಟಾರ್ ಹುಲ್ಲು ಕತ್ತರಿಸುತ್ತಿದ್ದಾಗ ಹೋಗಿ ಕೇಳಿಯೇಬಿಟ್ಟೆ, "ನೀವು ಶ್ರೀಮಂತರೇ?"

ಅವನು ಯಂತ್ರ ನಿಲ್ಲಿಸಿ ಯೋಚಿಸಿದ. "ಹುಡುಗರಾಗಿದ್ದಾಗ ಮೆಲ್ಬರ್ನ್‌ನಲ್ಲಿ ಒಂದು ಬಿಯರ್‌ಗೋಸ್ಕರ ರಾತ್ರಿಯಿಡೀ ಬಾರಿಸುತ್ತಿದ್ದೆವು. ಆಮೇಲೆ ಒಂದು ಹಾಡು ಹಿಟ್ ಆಯಿತು. ಅಟ್ಲಾಂಟಾದಲ್ಲಿ ಸ್ಟೇಡಿಯಂ ತುಂಬಿತ್ತು. ಸಿಡ್ನಿಯಲ್ಲಿ ಮನೆ ಕೊಂಡೆ, ಮೊದಲ ಹೆಂಡತಿಗೆ ಹೋಯಿತು. ಇನ್ನೊಂದು ಕೊಂಡೆ, ಎರಡನೆಯವಳಿಗೆ ಹೋಯಿತು. ದೋಣಿ ಇತ್ತು, ಮ್ಯಾನೇಜರ್ ತಗೊಂಡ."

"ಈಗ?"

"ಈಗಲೂ ಆ ಒಂದು ಹಾಡೇ ಸಾಕುತ್ತಿದೆ" ಅಂತ ಹೇಳಿ ಅದನ್ನು ಗುನುಗಿದ.

ನನಗೆ ಮೈ ಉರಿಯಿತು. ನಮ್ಮ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದರೆ, ಕಾಯಿರಿ ಅಂತ ಹೇಳಿ ಹಾಕುವ ರಾಗ ಅದು! ಎಷ್ಟೋ ಮಧ್ಯಾಹ್ನಗಳನ್ನು ನಾನು ಅದಕ್ಕೇ ಕಳೆದಿದ್ದೆ.

"ಅದನ್ನು ಬಾರಿಸಿದಾಗಲೆಲ್ಲ ನನಗೆ ನಾಲ್ಕು ಕಾಸು" ಅಂದ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಏನಂದ? ಅನುಕೂಲಸ್ಥನಾ?"

"ನಾವು ಫೋನ್ ಹಿಡಿದು ಕಾಯೋವರೆಗೂ ಅನುಕೂಲಸ್ಥ" ಅಂದೆ.

ಹೊಟ್ಟೆ ತುಂಬುತ್ತದೆಯೇ?

ನನ್ನಿಂದ ಆಗದ ಕೆಲಸ ಅಂತ ಹೆಂಡತಿಯೇ ಅವನನ್ನು ಊಟಕ್ಕೆ ಕರೆದಳು. ಹೋಳಿಗೆ ಬಡಿಸಿ, ತುಪ್ಪ ಸುರಿದು, ಎದುರು ಕೂತು ಕೇಳಿದಳು, "ಸತ್ಯ ಹೇಳಿ. ಗಿಟಾರ್‌ನಿಂದ ಹೊಟ್ಟೆ ತುಂಬುತ್ತಾ?" ಮಗಳ ಮುಖ ಬಿಳುಚಿಕೊಂಡಿತು.

"ತುಂಬದೇ ಏನು? ನಿಮ್ಮ ಮಗಳಿಗೆ ಕಲಿಸುವುದರಿಂದಲೇ ವಾರದಲ್ಲಿ ಮೂರು ದಿನ ತುಂಬುತ್ತಿದೆ" ಅಂದ ಅವನು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಡಬ್ಬಿ ಕೊಡಲು ಹೋದ ಆ ಗಂಟೆಗಳೆಲ್ಲ ಗ್ಯಾರೇಜಿನ ಪಾಠಗಳು. ಡಬ್ಬಿಯೇ ಫೀಸು ಅಂತ ಮಗಳು ಅವನಿಗೆ ಹೇಳಿದ್ದಳಂತೆ.

ಹೆಂಡತಿ ಸಾವರಿಸಿಕೊಂಡು, "ಮತ್ತೆ ಡಬ್ಬಿ ಖಾಲಿ ಯಾಕೆ ಕಳಿಸ್ತಿದ್ರಿ?" ಅಂದಳು.

"ಫೀಸು ತಗೊಂಡವನು ಏನಾದರೂ ವಾಪಸ್ ಕೊಡುತ್ತಾನೆಯೇ?" ಅಂದ ಅವನು, ನಮಗಿಂತ ಗೊಂದಲದಲ್ಲಿ.

ಅವನು ಎದ್ದು ತನ್ನ ಮನೆಯಿಂದ ಇನ್ನೊಂದು ಗಿಟಾರ್ ತಂದು ಮಗಳ ಕೈಗಿಟ್ಟ. ಅವಳು ನುಡಿಸಿದಳು. ನನಗೆ ಸಂಗೀತದ ಗಂಧವಿಲ್ಲ, ಆದರೂ ಲೋಟ ಕೆಳಗಿಟ್ಟು ಕೇಳಿದೆ. ನನ್ನ ಮಗಳು ಇಷ್ಟು ಚೆನ್ನಾಗಿ ಏನನ್ನಾದರೂ ಮಾಡುವುದನ್ನು ನಾನು ಅದುವರೆಗೆ ಕೂತು ನೋಡಿರಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಮ್ಮಾ, ಸಾರಿ. ನಾನು ಫಾರ್ಮಸಿಗೇ ಅಪ್ಲೈ ಮಾಡ್ತೀನಿ" ಅಂದಳು ಮಗಳು.

ಹೆಂಡತಿ ಕೆರಳಿದಳು. "ಏನಂದೆ? ವರ್ಷಪೂರ್ತಿ ಅಷ್ಟೊಂದು ಫೀಸ್ ಕಟ್ಟಿದೀವಿ, ಈಗ ಬಿಡ್ತೀಯಾ? ನಾಳೇನೇ ಮ್ಯೂಸಿಕ್‌ಗೆ ಅಪ್ಲೈ ಮಾಡು!"