ಚಾಳೀಸಪ್ಪನ ಮೌನ

ಚಾಳೀಸಪ್ಪನ ಗಂಟಲು ಕೂತದ್ದು ಯುದ್ಧದಿಂದ. ಯುದ್ಧ ನಡೆಯುತ್ತಿದ್ದದ್ದು ದೂರದ ಗಡಿಯಲ್ಲಿ, ನಿಜ. ಆದರೆ ಅದರ ಜೊತೆಗೇ ಚುನಾವಣೆಯೂ ಬಂದು ವಕ್ಕರಿಸಿದ್ದರಿಂದ ಅರ್ಧ ಯುದ್ಧ ಅವನ ಕನ್ನಡಕದಂಗಡಿಯಲ್ಲೇ ನಡೆಯುತ್ತಿತ್ತು. ಕಣ್ಣು ತೋರಿಸಲು ಬಂದವರಿಗೆ ಗೋಡೆಯ ಮೇಲಿನ ಅಕ್ಷರ ಓದಿಸುವ ಮುಂಚೆ ಅವನು ತನ್ನ ಅಭಿಪ್ರಾಯಗಳನ್ನು ಕುಡಿಸುತ್ತಿದ್ದ. ದೇಶ ಯುದ್ಧದಲ್ಲಿರುವಾಗ ಬೀದಿಯಲ್ಲಿ ಬೋರ್ಡು ಹಿಡಿಯುವವರನ್ನು ಎತ್ತಿ ಒಳಗೆ ಹಾಕಬೇಕು. ಹಳೇ ಪಕ್ಷದ ಮುಖಂಡರನ್ನೇ ಮತ್ತೆ ಗೆಲ್ಲಿಸಬೇಕು. ಸೆರೆಸಿಕ್ಕ ಶತ್ರು ಸೈನಿಕರ ವಿಚಾರಣೆಯಂತೂ ಅವನಿಗೆ ಪಂಚಪ್ರಾಣ.

ಗಂಟಲು ಕೂರುವ ಹಿಂದಿನ ಸಂಜೆ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು, ಸೆರೆಯಾಳಿಗೂ ಒಬ್ಬ ತಾಯಿ ಇರ್ತಾಳಲ್ಲ ಎಂದು ಬಾಯಿ ತೆಗೆದದ್ದೇ ತಡ, ಚಾಳೀಸಪ್ಪ ಕಾಂಪೌಂಡಿಗೆ ಎದೆಯಾನಿಸಿ ಶುರುಮಾಡಿದ.

"ಕೂರಿಸಿ ಕೇಳಿದ್ರೆ ಕತೆ ಹೇಳ್ತಾರೆ ಮೇಷ್ಟ್ರೇ. ನಿಲ್ಲಿಸಿ ಕೇಳಿ, ನಿಜ ಹೇಳ್ತಾರೆ. ತಪ್ಪು ಮಾಡದೋನು ಬಾಯಿ ಮುಚ್ಕೊಂಡು ಯಾಕಿರ್ತಾನೆ?"

ಮೇಷ್ಟ್ರು ಸೋತು ಒಳಗೆ ಹೋದ ಮೇಲೂ ಅವರ ಕಿಟಕಿಗೆ ಕೇಳುವಂತೆ ಇದನ್ನೇ ವಿವರಿಸಿದ. ಬೆಳಿಗ್ಗೆ ಎದ್ದು ಹೆಂಡತಿಯನ್ನು ಕರೆಯಲು ಹೋದರೆ ಪಂಕ್ಚರಾದ ಸೈಕಲ್ ಟ್ಯೂಬಿನಂಥ ಸದ್ದು ಬಂತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎರಡು ದಿನ ತುಟಿಪಿಟಕ್ಕೆನ್ನಬೇಡಿ, ಪಿಸುಗುಟ್ಟಲೂ ಬೇಡಿ, ಮಾತಾಡಿದರೆ ಧ್ವನಿ ಪೂರ್ತಿ ಹೋದೀತು ಎಂದು ಹೆದರಿಸಿದರು. ಹೆಂಡತಿ ಬಹಳ ಕಾಳಜಿಯಿಂದ, ಎರಡು ದಿನ ಸಾಕೇ, ಒಂದು ವಾರ ಬೇಡವೇ ಎಂದು ಕೇಳಿದಳು. ಆಮೇಲೆ ಅವನ ಕತ್ತಿಗೂ ಬಾಯಿಗೂ ಸೇರಿಸಿ ಬಿಳಿ ಬಟ್ಟೆ ಸುತ್ತಿ, ಚೀಟಿ ಕೊಟ್ಟು ಔಷಧಿ ಅಂಗಡಿಗೆ ಕಳಿಸಿದಳು.

ಔಷಧಿ ಅಂಗಡಿ ದೊಡ್ಡ ರಸ್ತೆಯ ಆಚೆಗಿತ್ತು. ರಸ್ತೆಯ ತುಂಬ ಯುದ್ಧ ಬೇಡವೆನ್ನುವವರ ಮೆರವಣಿಗೆ. ಮೌನ ಮೆರವಣಿಗೆಯಾದ್ದರಿಂದ ಎಲ್ಲರ ಬಾಯಿಗೂ ಬಿಳಿ ಬಟ್ಟೆ. ಚಾಳೀಸಪ್ಪ ಹಲ್ಲು ಕಡಿಯುತ್ತ, ಅವರ ನಡುವೆ ನುಸುಳಿ ದಾಟಲು ನೋಡಿದ. ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರು ಅವನನ್ನು ಕಂಡರು. ರಾತ್ರಿಯೆಲ್ಲ ಯೋಚಿಸಿ ಮನಸ್ಸು ಬದಲಾಯಿಸಿಕೊಂಡ ನೆರೆಯವನನ್ನು ನೋಡಿ ಅವರ ಕಣ್ಣಲ್ಲಿ ನೀರೇ ಬಂತು. ಅವನನ್ನು ತಬ್ಬಿ, ತಮ್ಮ ಬೋರ್ಡನ್ನು ಅವನ ಕೈಗಿತ್ತರು. 'ಸೆರೆಯಾಳಿಗೂ ತಾಯಿ ಇದ್ದಾಳೆ' ಎಂದು ಅದರ ಮೇಲೆ ದಪ್ಪಕ್ಷರದಲ್ಲಿತ್ತು. ತನ್ನ ವಿರೋಧ ತಿಳಿಸಲು ಚಾಳೀಸಪ್ಪ ತಲೆ ಕೊಡವಿ, ಬೋರ್ಡನ್ನು ರಪರಪನೆ ಬೀಸಿದ. ಹಿಂದಿನ ಸಾಲಿನವರಿಗೆ ಹುರುಪು ಬಂದು ಅವರೂ ಬೀಸಿದರು.

ಪೊಲೀಸ್ ವ್ಯಾನು ಬಂದು ನಿಂತಾಗ ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವನನ್ನೇ ಮೊದಲು ಎತ್ತಿ ಒಳಗೆ ಹಾಕಿದರು. ತಳ್ಳಾಟದಲ್ಲಿ ಡಾಕ್ಟರ ಚೀಟಿ ಯಾರ ಕಾಲಡಿಗೋ ಹೋಯಿತು.

ಠಾಣೆಯ ಇನ್‌ಸ್ಪೆಕ್ಟರು ಮೆತ್ತಗಿನ ಮನುಷ್ಯ. ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ಚಹ ತರಿಸಿದರು. ಬಾಯಿಬಟ್ಟೆ ಬಿಚ್ಚಿದ ಮೌನಿಗಳು ನಲ್ಲಿ ತಿರುಗಿಸಿದಂತೆ ಎಲ್ಲವನ್ನೂ ಹೇಳಿಬಿಟ್ಟರು. ಮೇಷ್ಟ್ರಂತೂ ಕೇಳದಿದ್ದರೂ ಬೋರ್ಡಿನ ಬಣ್ಣ ಕೊಂಡ ಅಂಗಡಿಯ ದಾರಿ ಸಮೇತ ತಿಳಿಸಿದರು. ಕೊನೆಗೆ ಉಳಿದವನು ಚಾಳೀಸಪ್ಪ. ಏನು ಕೇಳಿದರೂ ಅವನು ಗಂಟಲು ಮುಟ್ಟಿಕೊಂಡು ಕಣ್ಣರಳಿಸಿದ.

"ನಮ್ಮಲ್ಲೆಲ್ಲ ಇವ್ರೇ ಗಟ್ಟಿ ಸಾರ್," ಎಂದು ಮೇಷ್ಟ್ರು ಸಹಾಯ ಮಾಡಿದರು.

ಚಾಳೀಸಪ್ಪ ಕಾಗದ ಕಸಿದುಕೊಂಡು, ತಾನು ಇವರ ಕಡೆಯವನಲ್ಲ, ಇವರನ್ನೆಲ್ಲ ಜೈಲಿಗೆ ಹಾಕಿ, ತನಗೆ ಗಂಟಲು ಕೆಟ್ಟಿದೆ ಎಂದು ಬರೆದ.

ಇನ್‌ಸ್ಪೆಕ್ಟರು ಓದಿ ನಿಟ್ಟುಸಿರು ಬಿಟ್ಟರು. "ಮುಖ್ಯಸ್ಥರೆಲ್ಲ ಹೀಗೇ ಬರೀತಾರೆ. ಆ ಮೂಲೇಲಿ ಸ್ವಲ್ಪ ನಿಂತಿರಿ. ಗಂಟಲು ಸರಿಹೋಗತ್ತೆ."

ಅವನು ನಿಂತ. ಮೊದಲು ಮಂಡಿ ನೊಂದಿತು, ಆಮೇಲೆ ಸೊಂಟ. ಮಧ್ಯಾಹ್ನ ತಿರುಗುವಷ್ಟರಲ್ಲಿ, ಕೂರಿಸುತ್ತೇನೆಂದರೆ ಯಾರ ಹೆಸರನ್ನಾದರೂ ಹೇಳಲು ತಾನು ಸಿದ್ಧನಿದ್ದೇನೆಂದು ಗೊತ್ತಾಗಿ ಅವನಿಗೇ ಗಾಬರಿಯಾಯಿತು. ಮೇಷ್ಟ್ರದು, ಭಾವಮೈದುನನದು, ಬೇಕಾದರೆ ಹೆಂಡತಿಯದು. ಶತ್ರು ದೇಶದ ಗೂಢಚಾರ ಎನ್ನಿ, ಅದಕ್ಕೂ ಹೂಂ. ಆದರೆ ಬರೆದದ್ದನ್ನು ಇವರು ನಂಬುವುದಿಲ್ಲ, ಹೂಂ ಅನ್ನುವುದಕ್ಕೂ ಧ್ವನಿ ಬೇಕಲ್ಲ.

ಸಂಜೆ ಠಾಣೆಯ ಮುಂದೆ ಕಾರುಗಳು ನಿಂತವು. ಕ್ಯಾಮೆರಾದವರನ್ನು ಹಿಂದಿಟ್ಟುಕೊಂಡು ಒಳಗೆ ಬಂದವರು ಸಾಕ್ಷಾತ್ ಹಳೇ ಪಕ್ಷದ ಮುಖಂಡರು. ಚಾಳೀಸಪ್ಪನಿಗೆ ಅಳು ಉಕ್ಕಿತು. ಅವರ ಭಾಷಣವೊಂದನ್ನೂ ತಪ್ಪಿಸದವನು ಅವನು. ಕುಂಟುತ್ತ ಹೋಗಿ ಅವರ ಕೈ ಹಿಡಿದುಕೊಂಡ.

"ಬಾಯಿ ಬಿಡದೇ ಇದ್ದೋರು ಇವ್ರೇನಾ?" ಎಂದು ಕೇಳಿ ಮುಖಂಡರು ಅವನನ್ನು ಬರಸೆಳೆದು ಅಪ್ಪಿಕೊಂಡರು. ಕ್ಯಾಮೆರಾಗಳು ಮಿಂಚಿದವು. "ದಿನವಿಡೀ ನಿಲ್ಲಿಸಿ ಹಿಂಸೆ ಕೊಟ್ರೂ ಶಾಂತಿಗೋಸ್ಕರ ಸಹಿಸಿದಾರೆ. ಇಂಥೋರ ಜೊತೆ ನಾನಿದೀನಿ."

ಚಾಳೀಸಪ್ಪ ಕಕ್ಕಾಬಿಕ್ಕಿಯಾದ. ಕ್ಯಾಮೆರಾದವರಿಂದ ಸುದ್ದಿ ತಿಳಿದ ಮೇಷ್ಟ್ರು ಅವನ ಕಿವಿಯಲ್ಲಿ ಉಸುರಿದರು. ಬೆಳಿಗ್ಗೆ ಹಳೇ ಪಕ್ಷ ಮುಖಂಡರಿಗೆ ಟಿಕೆಟ್ ತಪ್ಪಿಸಿತ್ತು. ಊಟವಾದ ಮೇಲೆ ಅವರು ಶಾಂತಿ ಪಕ್ಷ ಸೇರಿದ್ದರು.

ಎಲ್ಲರಿಗೂ ಬಿಡುಗಡೆಯಾಯಿತು. ಬಾಯಿಬಿಟ್ಟವರನ್ನು ಹಾಗೇ ಬಿಟ್ಟರು. ಬಾಯಿಬಿಡದ ಮುಖ್ಯಸ್ಥನಿಗೆ ಮಾತ್ರ ಇನ್‌ಸ್ಪೆಕ್ಟರು ಒಂದು ಷರತ್ತು ಹಾಕಿದರು: ಮುಖಂಡರೇ ಜಾಮೀನು, ಮತದಾನ ಮುಗಿಯುವ ತನಕ ಅವರ ಕಣ್ಣಳತೆಯಲ್ಲೇ ಇರಬೇಕು, ಅವರು ಎಲ್ಲಿ ಕೂರುತ್ತಾರೋ ಅಲ್ಲೇ ಕೂರಬೇಕು. ಮುಖಂಡರು ಸಂತೋಷದಿಂದ ಒಪ್ಪಿ, ನಾಳೆ ಬೆಳಿಗ್ಗೆ ಎಲ್ಲಿಗೆ ಬರಬೇಕೆಂದು ತಿಳಿಸಿದರು.

ಮನೆಯಲ್ಲಿ ಹೆಂಡತಿ ಟೀವಿಯಲ್ಲಿ ಎಲ್ಲವನ್ನೂ ನೋಡಿದ್ದಳು. ಬಿಸಿನೀರು ತಂದು ಅವನ ಕಾಲು ಅದರಲ್ಲಿಟ್ಟಳು. ಗಂಡ ಎಷ್ಟೋ ವರ್ಷಗಳ ಮೇಲೆ ಕ್ಯಾಮೆರಾ ಮುಂದೆ ಚೆನ್ನಾಗಿ ಕಂಡನೆಂದು ಅವಳಿಗೆ ಒಳಗೊಳಗೇ ಹೆಮ್ಮೆ. ನಾಳೆ ಬೆಳಿಗ್ಗೆ ಏನು ಮಾಡಲಿ, ಗಂಟಲಿಗೆ ಇಳಿಯುವಂಥದ್ದು, ಎಂದು ಅಕ್ಕರೆಯಿಂದ ವಿಚಾರಿಸಿದಳು.

ಚಾಳೀಸಪ್ಪ ಪೆನ್ನು ತೆಗೆದು ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದ: "ಏನೂ ಬೇಡ. ನಾಳೆಯಿಂದ ಯುದ್ಧ ನಿಲ್ಲೋ ತನಕ ಮುಖಂಡರೂ ನಾನೂ ಉಪವಾಸ ಕೂರ್ತೀವಿ."