ಉತ್ತರಕ್ಕೆ ಕಾಯದ ಓವನ್ ಚಿಪ್ಪಿನವರ ಸನ್ನಿಧಿಗೆ

ಕಾಮಾಗ್ವೇ ಪಟ್ಟಣದ ನಮ್ಮ ಓಣಿಯ ಬೇಕರಿಯಲ್ಲಿ, ದೊಡ್ಡ ಓವನ್ನಿನ ಎಡಪಕ್ಕದ ತಗಡಿನ ಡಬ್ಬಿಯೊಳಗೆ ಬಿಜಯಮಾಡಿಸಿ ಅದರ ಉರಿ ಏರಿಸಿ ಇಳಿಸುವ ಮಾನ್ಯ ಮೈಕ್ರೋಕಂಟ್ರೋಲರ್ ಮಹಾಶಯರೇ,

ಇದೇ ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಮುದುಕಿಯಾದ ಒತಿಲಿಯಾ ಕರಬಾಯೋ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಓವನ್ನಿನ ಮಗ್ಗುಲಲ್ಲೇ ಇದ್ದೂ ತಮಗೊಂದು ಹನಿ ಬೆವರು ಮೂಡದಿರುವುದನ್ನು ಕಂಡು ನಾವೆಲ್ಲ ಹೊಟ್ಟೆಕಿಚ್ಚುಪಡುತ್ತೇವೆ. ಹಳೆಯ ಕಂಟ್ರೋಲರ್ ಸುಟ್ಟುಹೋಗಿ ತಾವು ಆ ಪೀಠವೇರಿದ ದಿನ ನಮ್ಮ ಆಡಳಿತಗಾರರಾದ ಎವೆಲಿಯೋ ಸಾಹೇಬರು ತಮ್ಮ ವೇಗವನ್ನು ಹೊಗಳಿದ ಭಾಷಣ ಎಷ್ಟು ಉದ್ದವಿತ್ತೆಂದರೆ, ನಾದಿಟ್ಟ ಹಿಟ್ಟು ಉಬ್ಬಿ ತೊಟ್ಟಿಯ ಹೊರಗೆ ಬಂದಿತ್ತು.

ವೇಗದ ಬಗ್ಗೆ ನನ್ನದೂ ಎರಡು ಮಾತಿಲ್ಲ. ಆದರೆ ತಮ್ಮ ಕೈಕೆಳಗೆ ಓವನ್ನಿನ ಶಾಖ ಅಳೆಯುವ ಚಿಪ್ಪೊಂದಿದೆಯಲ್ಲ, ಅದು ನನ್ನ ಮದುವೆಗೂ ಮೊದಲು ಸೋವಿಯತ್ ಹಡಗಿನಲ್ಲಿ ಬಂದದ್ದು. ಪ್ರಶ್ನೆ ಕೇಳಿದರೆ ಮೊದಲು ಗಂಟಲು ಸರಿಮಾಡಿಕೊಂಡು, ಆಮೇಲೆ ನೆನಪಿಸಿಕೊಂಡು, ಆಮೇಲೆ ಹೇಳುವ ಜಾತಿ. ತಾವೋ ‘ಎಷ್ಟು ಬಿಸಿ?’ ಎಂದು ಕೇಳಿ, ಆ ಮುದುಕ ಬಾಯಿ ತೆರೆಯುವ ಮೊದಲೇ ತಂತಿಗಳ ಮೇಲೆ ಏನು ಬಿದ್ದಿದೆಯೋ ಅದನ್ನೇ ಉತ್ತರವೆಂದು ಎತ್ತಿಕೊಂಡು ಹೊರಟುಬಿಡುತ್ತೀರಿ. ಆ ತಂತಿಗಳು ಎಲ್ಲ ಚಿಪ್ಪುಗಳಿಗೂ ಸೇರಿದವು, ಅದಕ್ಕೂ ಮೊದಲು ತಾವು ಮಾತಾಡಿಸಿದ್ದು ಗಡಿಯಾರದ ಚಿಪ್ಪನ್ನು, ಆದ್ದರಿಂದ ಅಲ್ಲಿ ಇನ್ನೂ ಉಳಿದಿದ್ದದ್ದು ಗಡಿಯಾರ ಹೇಳಿದ ನಿಮಿಷ. ಹೀಗಾಗಿ ಹತ್ತು ನಲವತ್ತಾದಾಗ ಓವನ್ ಬರೀ ನಲವತ್ತು ಡಿಗ್ರಿ ಎಂದು ತೀರ್ಮಾನಿಸಿ, ಅಯ್ಯೋ ಪಾಪ, ಚಳಿಯಾಗುತ್ತಿದೆಯೆಂದು ಇನ್ನಷ್ಟು ಉರಿ ಕೊಟ್ಟಿರಿ. ಯಾವ ಗಡಿಯಾರದಲ್ಲೂ ಅರವತ್ತು ದಾಟಿದ ನಿಮಿಷವಿಲ್ಲವಾದ್ದರಿಂದ ಉರಿ ಆರಿಸುವ ಪ್ರಸಂಗವೇ ತಮಗೆ ಬರಲಿಲ್ಲ.

ತಾವು ಬಂದ ಮೇಲೆ ಮೊದಲ ಸಲ ಒಳಗೆ ಹೋಗಿದ್ದದ್ದು ನನ್ನ ಮೊಮ್ಮಗಳು ಯಾರಿಸೆಲ್‌ಳ ಹದಿನೈದನೆಯ ಹುಟ್ಟುಹಬ್ಬದ ಕೇಕು. ಹುಡುಗಿಗೆ ಹದಿನೈದು ತುಂಬುವುದೆಂದರೆ ನಮ್ಮಲ್ಲಿ ಮದುವೆಗಿಂತ ಒಂದು ಕೈ ಮೇಲು, ಏಕೆಂದರೆ ಮದುವೆ ಇನ್ನೊಂದು ಸಲವೂ ಆಗಬಹುದು. ಮೊಟ್ಟೆ ಕಣ್ಣಿಗೆ ಬೀಳದ ಈ ಕಾಲದಲ್ಲಿ ಓಣಿಯ ಮನೆಮನೆಯಿಂದ ಒಂದೊಂದಾಗಿ ಬಂದ ಮೊಟ್ಟೆಗಳನ್ನು ತಾವು ಒಂದೇ ಬೆಳಿಗ್ಗೆ ಇದ್ದಿಲು ಮಾಡಿಕೊಟ್ಟಿರಿ. ಇಷ್ಟು ಶ್ರದ್ಧೆಯ ಕೆಲಸಗಾರ ಇನ್ನೊಬ್ಬ ಸಿಗಲಾರ. ಯಾರಿಸೆಲ್ ಅಳಲಿಲ್ಲ. ‘ಇರ್ಲಿ ಬಿಡಜ್ಜಿ, ಫೋಟೋದಲ್ಲಿ ಕೇಕ್ ಬದ್ಲು ನಿನ್ನೇ ನಿಲ್ಲಿಸ್ಕೋತೀನಿ’ ಎಂದು ನಕ್ಕಳು. ಅವಳ ನಗು ನೋಡಿ ನನಗೇ ಅಳು ಬಂತು.

ತಮ್ಮನ್ನು ಕೂರಿಸಿದ ರಿಪೇರಿಯ ರೆಯ್ನೆರಿಯೋ ಬಂದು ಡಬ್ಬಿ ಬಿಚ್ಚಿ ನೋಡಿದ. ‘ಒತಿಲಿಯಮ್ಮ, ಇದಕ್ಕೆ ಕಾಯೋಕೆ ಬರುತ್ತೆ. ಎಷ್ಟು ಹೊತ್ತು ಅಂತ ನಾವು ಬರೆದಿಡ್ಬೇಕಷ್ಟೆ. ಅವತ್ತೇ ಕೇಳಿದ್ದೆ, ಸಾಹೇಬ್ರು ಸೊನ್ನೆ ಹಾಕು ಅಂದ್ರು’ ಎಂದ. ಹೌದು, ಆ ಭಾಷಣದ ಕೊನೆಯ ಮಾತು ನನಗೂ ನೆನಪಾಯಿತು: ‘ಅಕ್ಕಿಗೆ ಕಾದ್ವಿ, ಎಣ್ಣೆಗೆ ಕಾದ್ವಿ, ಕರೆಂಟಿಗೆ ಕಾದ್ವಿ. ಈ ದೇಶದಲ್ಲಿ ಒಬ್ಬನಾದ್ರೂ ಯಾರಿಗೂ ಕಾಯದೇ ಇರ್ಲಿ ಬಿಡಯ್ಯಾ.’ ಬೇಕರಿಗೆ ಬೇಕರಿಯೇ ಚಪ್ಪಾಳೆ ತಟ್ಟಿತ್ತು.

ಈಗ ಸೊನ್ನೆ ಅಳಿಸಿ ಬೇರೆ ಅಂಕಿ ಹಾಕಿದ್ದಾನೆ. ‘ಬ್ರೆಡ್ ತಡ ಆದ್ರೆ ಯಾರಪ್ಪಾ ಹೊಣೆ?’ ಎಂದು ಸಾಹೇಬರು ಗೊಣಗಿದರು. ‘ನೀವೊಂದ್ಸಲ ಕಣ್ಣು ಮಿಟುಕಿಸೋದ್ರೊಳಗೆ ಇದು ಲಕ್ಷ ಸಲ ಕಾದು ಮುಗಿಸಿರುತ್ತೆ ಸಾಹೇಬ್ರೇ’ ಎಂದ ರೆಯ್ನೆರಿಯೋ. ಇಷ್ಟೇ ಇಷ್ಟು ಕಾಯುವಿಕೆಯನ್ನು ಉಳಿಸಲೆಂದು ನನ್ನ ಕೇಕು ಬೂದಿಯಾಯಿತೇ, ಮಹಾಶಯರೇ? ಕೇಳಿದ್ದರೆ ಈ ಓಣಿಯವರು ಕಾಯುವಿಕೆಯನ್ನು ಬುಟ್ಟಿಗಟ್ಟಲೆ ಕೊಡುತ್ತಿದ್ದರು. ನಮ್ಮಲ್ಲಿ ಎಂದೂ ಕೊರತೆಬೀಳದ ಸರಕು ಅದೊಂದೇ.

ಆದ್ದರಿಂದ ವಿನಂತಿ. ತಾವೊಂದು ಬೆಳಿಗ್ಗೆ ಡಬ್ಬಿಯಿಂದ ಇಳಿದು ಬೇಕರಿಯ ಬಾಗಿಲಿಗೆ ಬನ್ನಿ. ಬ್ರೆಡ್ಡಿಗೆಂದು ಬಂದವರೆಲ್ಲ ‘ಕೊನೆಯವ್ರು ಯಾರು?’ ಎಂದು ಕೇಳುತ್ತಾರೆ, ಕೈಯೆತ್ತಿದವರ ಮುಖ ನೆನಪಿಟ್ಟುಕೊಂಡು ಮರದ ನೆರಳಿಗೆ ಹೋಗಿ ಹರಟುತ್ತಾರೆ. ಸಾಲು ಕಣ್ಣಿಗೆ ಕಾಣದಿದ್ದರೂ ಯಾರೂ ಯಾರನ್ನೂ ದಾಟುವುದಿಲ್ಲ, ಒಬ್ಬರ ಮಾತು ಮುಗಿಯದೆ ಇನ್ನೊಬ್ಬರು ಹೊರಡುವುದಿಲ್ಲ. ಅದನ್ನು ಕಲಿತು ಹೋಗಿ, ಆ ಮುದಿ ಚಿಪ್ಪಿನ ಕ್ಷಮೆ ಕೇಳಿ, ಸಾಧ್ಯವಾದರೆ ಅದಕ್ಕೊಂದು ಲೋಟ ಕಾಫಿ ಕೊಡಿ. ಓಣಿಯವರು ಮತ್ತೆ ಮೊಟ್ಟೆ ಹೊಂದಿಸಿದ್ದಾರೆ. ಇನ್ನು ಯಾರ ಮನೆಯಲ್ಲೂ ಒಂದೂ ಉಳಿದಿಲ್ಲ. ನಾಳೆ ಬೆಳಿಗ್ಗೆ ಎರಡನೆಯ ಕೇಕು ಒಳಗೆ ಹೋಗುತ್ತದೆ, ಸಂಜೆ ಯಾರಿಸೆಲ್ ಬಾಡಿಗೆಯ ಗೌನು ತೊಟ್ಟು ನಿಲ್ಲುತ್ತಾಳೆ. ಇದೂ ಸುಟ್ಟರೆ ಅವಳ ಮುಖ ನೋಡುವ ಧೈರ್ಯ ನನಗಿಲ್ಲ.

ನಾಳೆ ಓವನ್ನಿನ ಬಾಗಿಲು ತೆರೆಯುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ಒತಿಲಿಯಾ ಕರಬಾಯೋ

ತಾ.ಕ.: ಕೇಕು ಹೊಂಬಣ್ಣಕ್ಕೆ ಬೆಂದು ಬಂತು. ಆದರೂ ಯಾರಿಸೆಲ್ ಬಿಡದೆ ನನ್ನನ್ನೂ ಅದರ ಪಕ್ಕ ನಿಲ್ಲಿಸಿಕೊಂಡೇ ಫೋಟೋ ತೆಗೆಸಿದಳು. ತಮಗೂ ಒಂದು ತುಂಡು ಉಂಟು. ಬಾಗಿಲಿಗೆ ಬಂದು ಕೊನೆಯವರು ಯಾರೆಂದು ಕೇಳತಕ್ಕದ್ದು. ಸದ್ಯಕ್ಕೆ ಕೈಯೆತ್ತಿ ನಿಂತಿರುವವರು ಎವೆಲಿಯೋ ಸಾಹೇಬರು. ಅವರ ಹಿಂದೆ ತಾವು.